ಆ ಮನೆಯಲ್ಲಿ ಇರುವವರು ನೀವಲ್ಲ: ಬಾಡಿಗೆಗೆಂದು ಮೊದಲ ಫ್ಲಾಟ್ ಕೊಳ್ಳುವವರಿಗೆ

ಈಗ ನಿಮ್ಮೆದುರು ಈ ಭಾಷಣಕ್ಕೆ ನಿಲ್ಲುವ ಮುಂಚೆ, ಕೆಳಗೆ ಚಹಾ ಕುಡಿಯುವಾಗ ಒಬ್ಬರು ನನ್ನನ್ನು ಹಿಡಿದು ಕೇಳಿದರು. "ರಿಟೈರ್ ಆದ ದುಡ್ಡು ಕೈಗೆ ಬಂದಿದೆ. ಒಂದು ಫ್ಲಾಟ್ ತಗೊಂಡು ಬಾಡಿಗೆಗೆ ಕೊಟ್ಟರೆ ಹೇಗೆ?" ನಾನು ಕೇಳಿದೆ, "ಯಾರಿಗೆ ಕೊಡುತ್ತೀರಿ?" ಅವರಿಗೆ ಆಶ್ಚರ್ಯವಾಯಿತು. "ಯಾರಾದರೂ ಬರ್ತಾರಲ್ಲ, ಇದು ಮುಂಬಯಿ ಅಲ್ವಾ?" ಅಂದರು.

ಬರುತ್ತಾರೆ, ನಿಜ. ಆದರೆ ನಿಮ್ಮ ಮನೆಗೇ ಯಾಕೆ ಬರಬೇಕು?

ನನ್ನ ಕಥೆಯನ್ನೇ ಹೇಳುತ್ತೇನೆ. ನಾನು ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿದ್ದವನು. ಊರವರ ಫೈಲೆಲ್ಲ ನೋಡಿ ಬುದ್ಧಿ ಹೇಳುತ್ತಿದ್ದೆ. 2004ರಲ್ಲಿ ಡೊಂಬಿವಲಿಯಲ್ಲಿ ನಾನೇ ಒಂದು ಫ್ಲಾಟ್ ತಗೊಂಡೆ, ಬಾಡಿಗೆಗೆ ಕೊಡಲೆಂದೇ. ಬಾಗಿಲು ಪೂರ್ವಕ್ಕೆ. ಹತ್ತಿರದಲ್ಲೇ ಗಣಪತಿ ಗುಡಿ. ಅಡುಗೆಮನೆಯ ಕಿಟಕಿ ತೆಗೆದರೆ ಒಂದು ಮಾವಿನ ಮರ, ಅದರ ಹಿಂದೆ ಗುಡ್ಡ. ನನ್ನ ಹೆಂಡತಿ ಆ ಕಿಟಕಿಯ ಹತ್ತಿರ ನಿಂತು, "ಊರಿನ ಹಾಗೇ ಇದೆಯಲ್ಲ" ಅಂದಳು. ಅವತ್ತೇ ಟೋಕನ್ ಕೊಟ್ಟೆವು.

ಐದು ತಿಂಗಳು ಬೀಗ ಹಾಕಿಯೇ ಇತ್ತು. ಸ್ಟೇಷನ್ನಿಂದ ಶೇರ್ ರಿಕ್ಷಾದಲ್ಲಿ 25 ನಿಮಿಷ. ಸಂಜೆಯ ಹೊತ್ತು ಆ ರಿಕ್ಷಾದ ಕ್ಯೂ ಇನ್ನೊಂದು 20 ನಿಮಿಷ. ನೀರು ಬೆಳಿಗ್ಗೆ ಒಂದು ಗಂಟೆ ಮಾತ್ರ. ಕೊನೆಗೆ ಅಲ್ಲಿನ ಏಜೆಂಟ್, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಹಿಂದಿಯಲ್ಲಿ ಹೇಳಿದ: "ಸಾಹೇಬ್, ನೀವು ನಿಮಗೆ ಅಂತ ಮನೆ ತಗೊಂಡಿದ್ದೀರಿ. ಇರಬೇಕಾದವನು ಬೇರೆಯವನು."

ಆ ಬೇರೆಯವನು ಯಾರು ಹೇಳಿ? ಬೆಳಿಗ್ಗೆ ಆರೂ ಮುಕ್ಕಾಲಿಗೆ ಡಬ್ಬಿ ಹಿಡಿದು ಫಾಸ್ಟ್ ಲೋಕಲ್‌ಗೆ ಓಡುವವನು. ರಾತ್ರಿ ಒಂಬತ್ತಕ್ಕೆ ವಾಪಸ್ ಬರುವವನು. ಅವನು ಮಾವಿನ ಮರ ನೋಡುವುದು ಭಾನುವಾರ ಮಾತ್ರ, ಅದೂ ಎದ್ದರೆ. ಅವನಿಗೆ ಬೇಕಾದ್ದು ಸ್ಟೇಷನ್ನಿಗೆ ಎಷ್ಟು ನಿಮಿಷ, ನೀರು ಎಷ್ಟು ಹೊತ್ತು, ಲಿಫ್ಟ್ ನಡೆಯುತ್ತದಾ, ಫೋನಿಗೆ ನೆಟ್‌ವರ್ಕ್ ಸಿಗುತ್ತದಾ, ವಾಷಿಂಗ್ ಮೆಷಿನ್ ಇಡಲು ಜಾಗ ಇದೆಯಾ. ಇಷ್ಟೇ. ನೀವು ವಾಸ್ತು ನೋಡುವ ಹೊತ್ತಿನಲ್ಲಿ ಇದನ್ನು ನೋಡಿ.

ಹೇಗೆ ನೋಡುವುದು? ಭಾನುವಾರ ಮಧ್ಯಾಹ್ನ ಏಜೆಂಟನ ಕಾರಿನಲ್ಲಿ ಹೋಗಬೇಡಿ. ವಾರದ ದಿನ ರಾತ್ರಿ ಎಂಟಕ್ಕೆ ಸ್ಟೇಷನ್ನಿನಲ್ಲಿ ಇಳಿದು, ಕೈಯಲ್ಲಿ ಒಂದು ತರಕಾರಿ ಚೀಲ ಹಿಡಿದು ನಡೆದು ನೋಡಿ. ಬಿಲ್ಡಿಂಗ್ ಕೆಳಗೆ ಇಸ್ತ್ರಿ ಮಾಡುವವನು ಇರುತ್ತಾನೆ, ಅವನ ಹತ್ತಿರ ಎರಡು ಮಾತಾಡಿ. ಯಾವ ಮನೆಯಲ್ಲಿ ಬಾಡಿಗೆದಾರರು ಇದ್ದಾರೆ, ಯಾವುದು ಎಷ್ಟು ದಿನದಿಂದ ಖಾಲಿ ಬಿದ್ದಿದೆ, ನೀರಿನ ಟ್ಯಾಂಕರ್ ವಾರಕ್ಕೆ ಎಷ್ಟು ಸಲ ಬರುತ್ತದೆ, ಇದೆಲ್ಲ ಸೆಕ್ರೆಟರಿಗಿಂತ ಚೆನ್ನಾಗಿ ಅವನಿಗೆ ಗೊತ್ತು. ಇನ್ನೊಂದು, ಸಾಧ್ಯವಾದರೆ ಜುಲೈಯಲ್ಲಿ ನೋಡಿ. ಜನವರಿಯಲ್ಲಿ ಮುಂಬಯಿಯ ಎಲ್ಲ ಗೋಡೆಗಳೂ ಚಂದವೇ. ಮಳೆ ಹತ್ತು ದಿನ ಬಿಡದೆ ಹೊಡೆದ ಮೇಲೆ ಬೀರುವಿನ ಹಿಂದಿನ ಗೋಡೆ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಕೊನೆಯ ಮಹಡಿಯಾದರೆ ತಲೆ ಎತ್ತಿ ಸೀಲಿಂಗ್ ನೋಡಿ. ಹೊಸ ಪೇಂಟ್ ಒಂದೇ ಗೋಡೆಗೆ ಹೊಡೆದಿದ್ದರೆ, ಯಾಕೆ ಅಂತ ಕೇಳಿ.

ಇನ್ನು ಲೆಕ್ಕಕ್ಕೆ ಬರೋಣ. ನಮ್ಮವರು ಮಾಡುವ ಲೆಕ್ಕ ಸುಲಭ. ಬಾಡಿಗೆಯನ್ನು ಹನ್ನೆರಡರಿಂದ ಗುಣಿಸುತ್ತಾರೆ, ಮುಗಿಯಿತು.

ಸುಮ್ನೆ ಉದಾಹರಣೆಗೆ ಅಂತ, ಮುಲುಂಡ್‌ನಲ್ಲಿ ಒಂದು ಕೋಟಿಯ ಒಂದು ಬಿಎಚ್‌ಕೆ ಹಿಡಿಯಿರಿ. ಬಾಡಿಗೆ 28,000. ಒಂದು ಕೋಟಿಗೇ ಮನೆ ಸಿಗುವುದಿಲ್ಲ. ಮುಂಬಯಿಯಲ್ಲಿ ಸ್ಟ್ಯಾಂಪ್ ಡ್ಯೂಟಿ 6%, ಅಂದರೆ ಆರು ಲಕ್ಷ. ರಿಜಿಸ್ಟ್ರೇಷನ್ 30,000. ಸೊಸೈಟಿ, ಅಂದರೆ ಬಿಲ್ಡಿಂಗಿನ ಮಾಲೀಕರ ಸಹಕಾರ ಸಂಘ, ಫ್ಲಾಟನ್ನು ನಿಮ್ಮ ಹೆಸರಿಗೆ ಮಾಡಲು ತಗೊಳ್ಳುವ ಟ್ರಾನ್ಸ್‌ಫರ್ ಪ್ರೀಮಿಯಂ ಹೆಚ್ಚೆಂದರೆ 25,000. ದಲಾಲಿ 1% ಅಂದರೂ ಒಂದು ಲಕ್ಷ. ಪೇಂಟ್, ಗೀಸರ್, ಫ್ಯಾನ್, ಬಾತ್‌ರೂಮಿನ ರಿಪೇರಿ ಸೇರಿ ಇನ್ನೊಂದು 1,45,000 ಇಟ್ಟುಕೊಳ್ಳಿ. ಒಟ್ಟು 1 ಕೋಟಿ 9 ಲಕ್ಷ. ಹೆಣ್ಣುಮಕ್ಕಳ ಹೆಸರಿನಲ್ಲೇ ತಗೊಂಡರೆ ಸ್ಟ್ಯಾಂಪ್ ಡ್ಯೂಟಿ 1% ಕಡಿಮೆ. ಆದರೆ ದುಡ್ಡು ಗಂಡನದು, ಹೆಸರು ಮಾತ್ರ ಹೆಂಡತಿಯದು ಅಂತಾದರೆ ಬಾಡಿಗೆಯ ಆದಾಯವನ್ನು ಗಂಡನ ಲೆಕ್ಕಕ್ಕೇ ಸೇರಿಸುತ್ತಾರೆ. ಇದನ್ನು ಮರೆತು ಆಮೇಲೆ ನೋಟಿಸ್ ಹಿಡಿದುಕೊಂಡು ಬಂದವರನ್ನು ನೋಡಿದ್ದೇನೆ.

ಈಗ ಬರುವುದೆಷ್ಟು? ವರ್ಷಕ್ಕೆ ಹನ್ನೊಂದು ತಿಂಗಳು ಹಿಡಿಯಿರಿ. ಒಬ್ಬ ಹೋಗಿ ಇನ್ನೊಬ್ಬ ಬರುವ ಮಧ್ಯೆ ಮನೆ ಖಾಲಿ ಇರುತ್ತದೆ, ಪೇಂಟ್ ಆಗಬೇಕು. 3,08,000 ಆಯಿತು. ಎರಡು ವರ್ಷಕ್ಕೊಮ್ಮೆ ಬಾಡಿಗೆದಾರ ಬದಲಾದರೆ ಏಜೆಂಟಿಗೆ ಒಂದು ತಿಂಗಳ ಬಾಡಿಗೆ, ವರ್ಷಕ್ಕೆ 14,000 ಬಿತ್ತು. ಸೊಸೈಟಿ ಮೇಂಟೆನೆನ್ಸ್ ತಿಂಗಳಿಗೆ 3,500 ಅಂದರೆ 42,000. ಮಾಲೀಕ ತಾನು ಇರದೆ ಬಾಡಿಗೆಗೆ ಕೊಟ್ಟರೆ ಸೊಸೈಟಿ ಹಾಕುವ ನಾನ್-ಆಕ್ಯುಪೆನ್ಸಿ ಚಾರ್ಜ್ ಅಂತ ಒಂದು ಇದೆ, ಅದು 2,400. ಸಣ್ಣಪುಟ್ಟ ರಿಪೇರಿ 15,000. ಮುಂಬಯಿ ಪಾಲಿಕೆ 2022ರಿಂದ 500 ಚದರ ಅಡಿಯೊಳಗಿನ ಮನೆಗೆ ಆಸ್ತಿ ತೆರಿಗೆ ಮನ್ನಾ ಮಾಡಿರುವುದರಿಂದ ಅದು ಬಿಟ್ಟಿದ್ದೇನೆ. ಕೈಗೆ ಉಳಿಯುವುದು 2,34,600. ಹಾಕಿದ ದುಡ್ಡಿಗೆ ನೂರಕ್ಕೆ ಎರಡು ರೂಪಾಯಿ ಚಿಲ್ಲರೆ. ನಿಮ್ಮ ಬ್ಯಾಂಕ್ ಎಫ್‌ಡಿ ಇದಕ್ಕಿಂತ ಜಾಸ್ತಿ ಕೊಡುತ್ತದೆ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಅಂಕಲ್, ಕಮೋಡ್ ಲೀಕ್ ಆಗ್ತಿದೆ" ಅಂತ ಹೇಳುವುದೂ ಇಲ್ಲ.

ಸಾಲ ಮಾಡಿ ತಗೊಂಡರೆ? 75 ಲಕ್ಷ ಸಾಲ, 8.5% ಬಡ್ಡಿ, 20 ವರ್ಷ ಅಂದರೆ ಇಎಂಐ ಸುಮಾರು 65,000. ಬಾಡಿಗೆ 28,000. ಉಳಿದ 37,000 ಪ್ರತಿ ತಿಂಗಳೂ ನಿಮ್ಮ ಜೇಬಿನಿಂದ. "ಬಾಡಿಗೆಯಲ್ಲೇ ಕಂತು ತೀರುತ್ತದೆ" ಅಂತ ಯಾರಾದರೂ ಹೇಳಿದರೆ ಅವರು ಬೇರೆ ಯಾವುದೋ ಊರಿನ ಮಾತಾಡುತ್ತಿದ್ದಾರೆ, ಇಲ್ಲವೇ ಫ್ಲಾಟ್ ಮಾರುತ್ತಿದ್ದಾರೆ.

ಹಾಗಾದರೆ ಯಾಕೆ ತಗೊಳ್ಳಬೇಕು ಅಂತ ಕೇಳುತ್ತೀರಿ. ಬೆಲೆ ಏರುತ್ತದೆ ಅನ್ನುವ ನಂಬಿಕೆ ಒಂದು. ಬಾಡಿಗೆ ವರ್ಷವರ್ಷ ಸ್ವಲ್ಪ ಏರುತ್ತದೆ, ಎಫ್‌ಡಿ ಬಡ್ಡಿ ಹಾಗೆ ಏರುವುದಿಲ್ಲ, ಅದು ಇನ್ನೊಂದು. ಎರಡೂ ಸರಿಯಾದ ಕಾರಣಗಳೇ. ಆದರೆ ತಿಂಗಳ ಖರ್ಚಿಗೆ ಈ ಬಾಡಿಗೆಯೊಂದೇ ಆಧಾರ ಅಂದುಕೊಂಡು ರಿಟೈರ್‌ಮೆಂಟ್ ದುಡ್ಡನ್ನೆಲ್ಲ ಒಂದೇ ಫ್ಲಾಟಿಗೆ ಸುರಿಯುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಕೆಳಗೆ ಕೇಳಿದವರಿಗೂ ಅದನ್ನೇ ಹೇಳಿದೆ, ಅವರ ಮುಖ ಸಣ್ಣದಾಯಿತು.

ಒಂದು ಹಳೆಯ ವಿಷಯ ಹೇಳಬೇಕು. ನಮ್ಮ ಹಿರಿಯರಲ್ಲಿ ಎಷ್ಟೋ ಜನ ಎರಡನೇ ಫ್ಲಾಟ್ ಇದ್ದರೂ ಬೀಗ ಹಾಕಿ ಇಡುತ್ತಾರೆ, ಬಾಡಿಗೆಗೆ ಕೊಡುವುದಿಲ್ಲ. "ಕೊಟ್ಟರೆ ಹೋಯಿತು" ಅನ್ನುತ್ತಾರೆ. ಈ ಹೆದರಿಕೆ ಸುಮ್ನೆ ಬಂದದ್ದಲ್ಲ. 1947ರ ಬಾಂಬೆ ರೆಂಟ್ ಆ್ಯಕ್ಟ್ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತು. ಅಲ್ಲಿಂದ ಪಗಡಿ ಬೆಳೆಯಿತು. ಒಂದು ದೊಡ್ಡ ಮೊತ್ತ ಕೊಟ್ಟು ಒಳಗೆ ಬಂದವನು ಹೆಚ್ಚುಕಡಿಮೆ ಮಾಲೀಕನೇ. ಫೋರ್ಟ್, ಮಾಟುಂಗ ಕಡೆ ನಮ್ಮ ಉಡುಪಿ ಹೋಟೆಲಿನವರು ತಲೆಮಾರುಗಟ್ಟಲೆ ಪಗಡಿ ಜಾಗದಲ್ಲಿ ಇಡ್ಲಿ ಬೇಯಿಸಿದ್ದಾರೆ. ನಿಮ್ಮಲ್ಲಿ ಕೆಲವರು ಆ ಮನೆಯವರೇ, ನಿಮಗೆ ನಾನು ಹೇಳಬೇಕಿಲ್ಲ. ನಾವು ಆವತ್ತು ಬಾಡಿಗೆದಾರರ ಕಡೆ ಇದ್ದೆವು, ಕಾನೂನು ನಮಗೆ ಸಿಹಿಯಾಗಿತ್ತು. ಮಾಲೀಕರು ತಪ್ಪಿಸಿಕೊಳ್ಳಲು "ಇದು ಬಾಡಿಗೆ ಅಲ್ಲ, ಲೀವ್ ಅಂಡ್ ಲೈಸೆನ್ಸ್", ಅಂದರೆ ಬಾಡಿಗೆದಾರನ ಹಕ್ಕಿಲ್ಲದೆ ಇಷ್ಟು ದಿನ ಇರಲು ಅನುಮತಿ ಮಾತ್ರ, ಅಂತ ಬರೆಸಿಕೊಂಡರು. ಸರಕಾರ ಮತ್ತೆ ಕಾನೂನು ತಿದ್ದಿ, 1973ರ ಫೆಬ್ರವರಿ 1ರಂದು ಲೈಸೆನ್ಸ್ ಮೇಲೆ ಒಳಗಿದ್ದವರನ್ನೂ ಬಾಡಿಗೆದಾರರೆಂದೇ ಮಾಡಿತು. ಆಮೇಲೆ ಯಾರಿಗೆ ಧೈರ್ಯ ಬರುತ್ತದೆ ಹೇಳಿ?

ಆದರೆ ಆ ಕಾಲ ಹೋಯಿತು. 2000ದ ಮಾರ್ಚ್ 31ರಿಂದ ಜಾರಿಯಲ್ಲಿರುವುದು ಮಹಾರಾಷ್ಟ್ರ ರೆಂಟ್ ಕಂಟ್ರೋಲ್ ಆ್ಯಕ್ಟ್, 1999. ಅದರಲ್ಲಿ ಲೀವ್ ಅಂಡ್ ಲೈಸೆನ್ಸ್‌ಗೆ ಸರಿಯಾದ ಜಾಗ ಇದೆ. ಅವಧಿ ಮುಗಿದ ಮೇಲೂ ಬಿಡದೆ ಕೂತವನು ಬಾಡಿಗೆಯ ದುಪ್ಪಟ್ಟು ನಷ್ಟ ಕಟ್ಟಬೇಕು. ಬಿಡಿಸಲು ಮಾಮೂಲಿ ಕೋರ್ಟಿಗೆ ಅಲೆಯದೆ ಕಾಂಪಿಟೆಂಟ್ ಅಥಾರಿಟಿಯ, ಅಂದರೆ ಇದಕ್ಕೆಂದೇ ಸರಕಾರ ನೇಮಿಸಿದ ಅಧಿಕಾರಿಯ ಹತ್ತಿರ ಹೋಗಬಹುದು. ಬರೆದ ಒಪ್ಪಂದವೇ ಅಲ್ಲಿ ಸಾಕ್ಷಿ. ಆದರೆ ಬರೆದಿರಬೇಕು, ರಿಜಿಸ್ಟರ್ ಆಗಿರಬೇಕು. ರಿಜಿಸ್ಟರ್ ಮಾಡಿಸುವ ಜವಾಬ್ದಾರಿ ಮಾಲೀಕನದು. ಮಾಡಿಸದಿದ್ದರೆ 5,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇದೆ: ಬರೆದದ್ದು ಇಲ್ಲದಿದ್ದರೆ, ನಿಮ್ಮ ಹತ್ತಿರ ಬೇರೆ ಪುರಾವೆ ಇಲ್ಲದಿದ್ದರೆ, ಷರತ್ತು ಏನಿತ್ತು ಅಂತ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ.

ಇದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ಡೊಂಬಿವಲಿಯ ಅದೇ ಮನೆಗೆ ನಮ್ಮ ಊರ ಕಡೆಯ ಒಬ್ಬ ಹುಡುಗ ಬಂದ. ಅವನ ಅಪ್ಪನನ್ನು ನಾನು ಚಿಕ್ಕಂದಿನಿಂದ ಅಣ್ಣ ಅಂತಲೇ ಕರೆಯುತ್ತಿದ್ದವನು. ಅಗ್ರಿಮೆಂಟ್ ಬೇಕು ಅಂತ ಬಾಯಿ ಬಿಡಲು ನಾಚಿಕೆಯಾಯಿತು. 7,000 ಅಂತ ಮಾತಾಯಿತು, ನಗದಾಗಿ ಕೊಡುತ್ತಿದ್ದ. ಒಂದೂವರೆ ವರ್ಷದ ಮೇಲೆ ಕೊಡುವುದು ನಿಲ್ಲಿಸಿದ. ಕೇಳಿದರೆ, "5,500 ಅಂತ ತಾನೆ ಮಾತಾಗಿದ್ದು ಮಾವ, ನಾನೇ ಜಾಸ್ತಿ ಕೊಟ್ಟಿದ್ದೇನೆ" ಅಂದ. ವಕೀಲರ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದು, "ನೀವು ಬ್ಯಾಂಕಿನಲ್ಲಿ ಇದ್ದವರು ಅಂದಿರಲ್ಲ?" ಕೊನೆಗೆ ಅಣ್ಣನೇ ಊರಿಂದ ಬಸ್ಸಿನಲ್ಲಿ ಬಂದು, ನಮ್ಮ ಸೋಫಾದ ತುದಿಯಲ್ಲಿ ಕೂತು, ತಲೆ ತಗ್ಗಿಸಿಕೊಂಡೇ ಮಾತಾಡಿದರು. ಹುಡುಗ ಮನೆ ಬಿಟ್ಟ. ನಾಲ್ಕು ತಿಂಗಳ ಬಾಡಿಗೆ ನಾನು ಬಿಟ್ಟೆ. ಈಗಲೂ ಊರಿಗೆ ಹೋದರೆ ಅಣ್ಣ ಮೊದಲಿನ ಹಾಗೆ ಮಾತಾಡುವುದಿಲ್ಲ. ಒಂದು ಕಾಗದ ಬರೆಸಿದ್ದರೆ ಆ ಸಂಬಂಧ ಉಳಿಯುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಆ ಕಾಗದಕ್ಕೆ ಖರ್ಚೆಷ್ಟು ಗೊತ್ತಾ? ತಿಂಗಳಿಗೆ 28,000, ಎರಡು ವರ್ಷ, ಡೆಪಾಸಿಟ್ ಒಂದು ಲಕ್ಷ ಅಂತಿಟ್ಟುಕೊಳ್ಳಿ. ಒಟ್ಟು ಬಾಡಿಗೆ 6,72,000. ಡೆಪಾಸಿಟ್ ಮೇಲೆ ವರ್ಷಕ್ಕೆ 10% ಬಡ್ಡಿಯ ಹಾಗೆ ಹಿಡಿದು 20,000 ಸೇರಿಸುತ್ತಾರೆ. ಒಟ್ಟು 6,92,000, ಅದರ 0.25% ಅಂದರೆ 1,730 ರೂಪಾಯಿ ಸ್ಟ್ಯಾಂಪ್ ಡ್ಯೂಟಿ. ಪಾಲಿಕೆಯ ವ್ಯಾಪ್ತಿಯಲ್ಲಿ ರಿಜಿಸ್ಟ್ರೇಷನ್ 1,000. ಏಜೆಂಟ್ ಹೆಬ್ಬೆಟ್ಟಿನ ಮೆಷಿನ್ ಹಿಡಿದು ಮನೆಗೇ ಬರುತ್ತಾನೆ, ನೀವು ಕುರ್ಚಿಯಿಂದ ಏಳಬೇಕಿಲ್ಲ. ಇದರ ಜೊತೆಗೇ ಪೊಲೀಸರಿಗೆ ಬಾಡಿಗೆದಾರನ ಮಾಹಿತಿ ಕೊಡಬೇಕು, ಅದೂ ಆನ್‌ಲೈನ್ ಆಗುತ್ತದೆ. ತಪ್ಪಿಸಬೇಡಿ, ಕೇಸಾಗುವುದು ಮಾಲೀಕನ ಮೇಲೆ.

ಎಲ್ಲರೂ ಯಾಕೋ 11 ತಿಂಗಳು ಅಂತಲೇ ಬರೆಸುತ್ತಾರೆ. ಲೀವ್ ಅಂಡ್ ಲೈಸೆನ್ಸ್ ಅನ್ನು 60 ತಿಂಗಳವರೆಗೂ ಬರೆಸಬಹುದು. 11 ತಿಂಗಳದು ಪ್ರತಿ ಸಲ ಒಂದು ತಿಂಗಳು ಹಿಂದೆ ಸರಿಯುತ್ತದೆ. ಮೇ ತಿಂಗಳಲ್ಲಿ ಮುಗಿಯುತ್ತಿದ್ದದ್ದು ಐದು ಸಲ ರಿನ್ಯೂ ಆದ ಮೇಲೆ ಡಿಸೆಂಬರಿನಲ್ಲಿ ಮುಗಿಯುತ್ತದೆ. ಡಿಸೆಂಬರಿನಲ್ಲಿ ಯಾವ ಸಂಸಾರ ಮನೆ ಬದಲಿಸುತ್ತದೆ? ಮಕ್ಕಳ ಶಾಲೆ ನಡೆಯುತ್ತಿರುತ್ತದೆ. ಈ ಊರಿನಲ್ಲಿ ಮನೆ ಹುಡುಕುವ ಕಾಲ ಏಪ್ರಿಲ್, ಮೇ. ಒಪ್ಪಂದ ಆಗ ಮುಗಿಯುವ ಹಾಗೆ ಬರೆಸಿ. ಖಾಲಿ ದಿನ ತಾನಾಗಿ ಕಡಿಮೆಯಾಗುತ್ತದೆ.

ಸೊಸೈಟಿಯ ವಿಷಯ ಎತ್ತಿದರೆ ನಿಮ್ಮಲ್ಲಿ ಅರ್ಧ ಜನ ಕಮಿಟಿಯಲ್ಲಿದ್ದೀರಿ, ಜಗಳವಾಗುತ್ತದೆ. ಆದರೂ ಹೇಳುತ್ತೇನೆ. ಬಾಡಿಗೆಗೆ ಕೊಡಲು ಸೊಸೈಟಿಯ ಅನುಮತಿ ಬೇಡ. ಮುಂಚಿತವಾಗಿ ತಿಳಿಸಿ, ಒಪ್ಪಂದದ ಪ್ರತಿ ಕೊಡಬೇಕು, ಅಷ್ಟೇ. ನಾನ್-ಆಕ್ಯುಪೆನ್ಸಿ ಚಾರ್ಜ್ ಸರ್ವೀಸ್ ಚಾರ್ಜಿನ 10% ಮೀರಬಾರದು ಅಂತ 2001ರ ಆಗಸ್ಟ್ 1ರಂದೇ ಸರಕಾರದ ಆದೇಶ ಆಗಿದೆ. ನನಗೆ ಒಂದು ಸೊಸೈಟಿ ತಿಂಗಳಿಗೆ 1,500 ಹಾಕಿತ್ತು. ಆದೇಶದ ಜೆರಾಕ್ಸ್ ಕೊಟ್ಟೆ. ಚೇರ್ಮನ್ ಓದಿ, ಮಡಚಿ, ಜೇಬಿಗೆ ಹಾಕಿಕೊಂಡರು. ಮುಂದಿನ ಬಿಲ್ಲಿನಲ್ಲಿ 190 ಬಂತು. ಅವರು ನನ್ನ ಹತ್ತಿರ ಆ ಬಗ್ಗೆ ಇವತ್ತಿನವರೆಗೆ ಮಾತಾಡಿಲ್ಲ.

"ನಮ್ಮವರೇ ಬೇಕು, ವೆಜ್ ಬೇಕು, ಬ್ಯಾಚುಲರ್ ಬೇಡ." ಈ ಪಟ್ಟಿ ಉದ್ದವಾದಷ್ಟೂ ನಿಮ್ಮ ಮನೆ ಖಾಲಿ ಇರುವ ದಿನ ಉದ್ದವಾಗುತ್ತದೆ. ನಮ್ಮವನೇ ಬೇಕು ಅಂದದ್ದರ ಫಲ ಏನಾಯಿತು ಅಂತ ಈಗಷ್ಟೇ ಹೇಳಿದೆ. ಆಮೇಲೆ ನಾನು ಕೊಟ್ಟದ್ದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮೂವರು ಕೇರಳದ ಹುಡುಗಿಯರಿಗೆ. ಸೆಕ್ರೆಟರಿ ಮುಖ ಗಂಟು ಹಾಕಿದರು. ಮೂರು ವರ್ಷ ಪ್ರತಿ ತಿಂಗಳು 3ನೇ ತಾರೀಕಿನೊಳಗೆ ಬಾಡಿಗೆ ಖಾತೆಗೆ ಬಂತು. ಸೆಕ್ರೆಟರಿಯ ತಾಯಿಗೆ ಶುಗರ್ ಇಂಜೆಕ್ಷನ್ ಕೊಡುತ್ತಿದ್ದವರೂ ಅವರೇ. ನೀವು ನೋಡಬೇಕಾದ್ದು ಕೆಲಸ ಎಲ್ಲಿ, ಸಂಬಳದ ಸ್ಲಿಪ್ ಏನು ಹೇಳುತ್ತದೆ, ಹಿಂದಿನ ಮನೆ ಯಾಕೆ ಬಿಟ್ಟರು. ಸಾಧ್ಯವಾದರೆ ಹಿಂದಿನ ಮಾಲೀಕರಿಗೆ ಒಂದು ಫೋನ್. ಈಗಿನ ಮಾಲೀಕರಿಗೆ ಮಾಡಬೇಡಿ, ಕಳಿಸಿಬಿಡುವ ಆಸೆಯಲ್ಲಿ ಅವರು ಹೊಗಳಿಯಾರು.

ತೆರಿಗೆಯನ್ನು ಬೇಗ ಮುಗಿಸುತ್ತೇನೆ, ನಿದ್ದೆ ಬರುವ ವಿಷಯ. ಬಾಡಿಗೆಯಿಂದ ಪಾಲಿಕೆಯ ತೆರಿಗೆ ಕಳೆದು, ಉಳಿದದ್ದರಲ್ಲಿ 30% ಸರಕಾರವೇ ಬಿಡುತ್ತದೆ. ನೀವು ರಿಪೇರಿಗೆ ಖರ್ಚು ಮಾಡಿ, ಬಿಡಿ. ಆದರೆ ಸೊಸೈಟಿ ಮೇಂಟೆನೆನ್ಸನ್ನು ಬೇರೆಯಾಗಿ ಕಳೆಯಲು ಬರುವುದಿಲ್ಲ. ಸಾಲದ ಬಡ್ಡಿ ಕಳೆದ ಮೇಲೆ ನಷ್ಟ ಬಂದರೆ ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ ಎರಡು ಲಕ್ಷದವರೆಗೆ ಸಂಬಳದ ಆದಾಯದಲ್ಲಿ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಅದು ಇಲ್ಲ. "ಟ್ಯಾಕ್ಸ್ ಉಳಿಯುತ್ತದೆ" ಅಂತಲೇ ಫ್ಲಾಟ್ ತಗೊಳ್ಳುವವರು ತಾವು ಯಾವ ಪದ್ಧತಿಯಲ್ಲಿದ್ದೇವೆ ಅಂತ ಮೊದಲು ನೋಡಿಕೊಳ್ಳಿ. 50 ಲಕ್ಷ ಅಥವಾ ಅದಕ್ಕೂ ಮೇಲಿನ ಮನೆಯಾದರೆ ಕೊಳ್ಳುವವರೇ ಮಾರುವವರಿಗೆ ಕೊಡುವ ದುಡ್ಡಿನಲ್ಲಿ 1% ಟಿಡಿಎಸ್, ಅಂದರೆ ಮೊದಲೇ ಮುರಿದುಕೊಳ್ಳುವ ತೆರಿಗೆ, ಹಿಡಿದು ಸರಕಾರಕ್ಕೆ ಕಟ್ಟಬೇಕು. ಮನೆ ದುಬೈಯಲ್ಲೋ ಮಸ್ಕತ್‌ನಲ್ಲೋ ಇರುವ ನಿಮ್ಮ ಮಗನ ಹೆಸರಿನಲ್ಲಿದ್ದರೆ ಬಾಡಿಗೆದಾರ ಸುಮಾರು 30% ಟಿಡಿಎಸ್ ಹಿಡಿಯಬೇಕಾಗುತ್ತದೆ. ಇದನ್ನು ಬಾಡಿಗೆ ಮಾತಾಡುವಾಗಲೇ ಹೇಳಿ.

ಅಗ್ಗದ ಫ್ಲಾಟಿನ ಬಗ್ಗೆ ಒಂದು ಮಾತು. ಒಸಿ ಇಲ್ಲದ, ಅಂದರೆ ಜನ ವಾಸ ಮಾಡಬಹುದು ಅಂತ ಪಾಲಿಕೆ ಕೊಡುವ ಆಕ್ಯುಪೇಷನ್ ಸರ್ಟಿಫಿಕೇಟ್ ಇಲ್ಲದ ಬಿಲ್ಡಿಂಗಿನಲ್ಲಿ ಬೆಲೆ ಕಡಿಮೆ ಇರುತ್ತದೆ, ಬಾಡಿಗೆ ಮಾತ್ರ ಪಕ್ಕದ ಬಿಲ್ಡಿಂಗಿನಷ್ಟೇ ಬರುತ್ತದೆ. ಲೆಕ್ಕ ಚಂದ ಕಾಣುತ್ತದೆ. ಕಲ್ಯಾಣ-ಡೊಂಬಿವಲಿಯಲ್ಲಿ 65 ಬಿಲ್ಡಿಂಗುಗಳು ನಕಲಿ ಅನುಮತಿ ಪತ್ರ ತೋರಿಸಿ ಮಹಾರೇರಾ, ಅಂದರೆ ಕಟ್ಟಡ ಯೋಜನೆಗಳ ಮೇಲೆ ಕಣ್ಣಿಡುವ ರಾಜ್ಯದ ಪ್ರಾಧಿಕಾರದ, ನಂಬರನ್ನೂ ಪಡೆದಿದ್ದವು. 2024ರ ನವೆಂಬರಿನಲ್ಲಿ ಹೈಕೋರ್ಟ್ ಅವನ್ನು ಕೆಡವಲು ಹೇಳಿತು. ರೇರಾ ನಂಬರ್ ನೋಡಿಯೇ ದುಡ್ಡು ಕೊಟ್ಟ ಸಂಸಾರಗಳು ಅಲ್ಲಿದ್ದವು. ಹಾಗಾಗಿ ನಂಬರ್ ನೋಡಿದರೆ ಸಾಲದು, ಅನುಮತಿ ಪತ್ರ ನಿಜವಾ ಅಂತ ಪಾಲಿಕೆಯಲ್ಲೇ ವಿಚಾರಿಸಿ. ಮೊದಲ ಸಲ ತಗೊಳ್ಳುವವರು ಒಸಿ ಇರುವ, ಜನ ವಾಸ ಮಾಡುತ್ತಿರುವ ಬಿಲ್ಡಿಂಗಿನಲ್ಲಿ ತಗೊಳ್ಳಿ. ಜಿಎಸ್‌ಟಿಯೂ ಇಲ್ಲ, ಮರುತಿಂಗಳೇ ಬಾಡಿಗೆ ಶುರು. ಕಟ್ಟುತ್ತಿರುವ ಬಿಲ್ಡಿಂಗಿನಲ್ಲಿ ಜಿಎಸ್‌ಟಿ ಸಾಮಾನ್ಯವಾಗಿ 5%, ಬಾಡಿಗೆ ಮಾತ್ರ ಯಾವಾಗ ಅಂತ ಬಿಲ್ಡರನಿಗೂ ಗೊತ್ತಿಲ್ಲ.

ಬಾಡಿಗೆ ಎಷ್ಟು ಏರಿಸಬೇಕು ಅಂತ ನಿಮ್ಮಲ್ಲೊಬ್ಬರಿಂದ ಚೀಟಿ ಬಂದಿದೆ. ಒಳ್ಳೆಯವರು ಇದ್ದರೆ ಸ್ವಲ್ಪ. 2,000 ಜಾಸ್ತಿ ಕೇಳಿದರೆ ವರ್ಷಕ್ಕೆ 24,000 ಲಾಭ. ಅವರು ಬಿಟ್ಟುಹೋದರೆ ಒಂದು ತಿಂಗಳು ಖಾಲಿ, 28,000. ಏಜೆಂಟಿಗೆ ಇನ್ನೊಂದು 28,000. ಪೇಂಟ್ ಬೇರೆ.

ಕೊನೆಯ ಚೀಟಿ: "ಡೆಪಾಸಿಟ್ ದುಡ್ಡನ್ನು ಏನು ಮಾಡಬೇಕು?" ಯಾರು ಕೇಳಿದ್ದೋ, ನನ್ನ ಗುಟ್ಟು ಗೊತ್ತಿದ್ದವರೇ ಇರಬೇಕು. ಅದು ನಿಮ್ಮ ದುಡ್ಡಲ್ಲ. ಎಫ್‌ಡಿ ಮಾಡಿ, ಒಪ್ಪಂದ ಮುಗಿಯುವ ಹದಿನೈದು ದಿನ ಮುಂಚೆ ಮೆಚೂರ್ ಆಗುವ ಹಾಗೆ. ಬಡ್ಡಿ ನಿಮಗೆ. ಹೆವಿ ಡೆಪಾಸಿಟ್ ಅಂತ ಬರುತ್ತಾರೆ. ಎಂಟು ಹತ್ತು ಲಕ್ಷ ಕೊಟ್ಟು ಬಾಡಿಗೆಯೇ ಇಲ್ಲದೆ ಇರುವವರು, ನಮ್ಮ ಬೆಂಗಳೂರಿನ ಭೋಗ್ಯದ ಹಾಗೆ. ಹೊಸಬರು ಅದಕ್ಕೆ ಕೈ ಹಾಕಬೇಡಿ. ಬಿಟ್ಟುಹೋಗುವ ದಿನ ವಿದ್ಯುತ್ ಬಿಲ್, ಗ್ಯಾಸ್ ಬಿಲ್ ನೋಡಿ, ಬಂದ ದಿನ ತೆಗೆದ ಫೋಟೋ ಪಕ್ಕ ಇಟ್ಟು ಗೋಡೆ ನೋಡಿ, ಒಂದು ಕೈಯಲ್ಲಿ ಕೀಲಿ ತಗೊಂಡು ಇನ್ನೊಂದು ಕೈಯಲ್ಲಿ ಡೆಪಾಸಿಟ್ ಕೊಡಿ. ನಾಳೆ ಬನ್ನಿ ಅನ್ನಬೇಡಿ. ನಾನು ಒಮ್ಮೆ ಆ ನರ್ಸ್ ಹುಡುಗಿಯರ ಡೆಪಾಸಿಟ್ಟನ್ನು ಮಗಳ ಕಾಲೇಜಿನ ಫೀಸಿಗೆ ಹಾಕಿಬಿಟ್ಟಿದ್ದೆ. ಅವರಿಗೆ ಕುವೈತಿನಲ್ಲಿ ಕೆಲಸ ಸಿಕ್ಕಿತು, ಎಂಟು ದಿನದಲ್ಲಿ ಹೊರಡಬೇಕು. ನನ್ನ ಹೆಂಡತಿ ಬಳೆ ಬಿಚ್ಚಿ ಕೊಟ್ಟಳು, ಅಡವಿಟ್ಟು ದುಡ್ಡು ತಂದೆ. ನಾನು ಕೆಲಸ ಮಾಡುತ್ತಿದ್ದ ಬ್ಯಾಂಕಿನಲ್ಲೇ, ನನ್ನದೇ ಕೌಂಟರಿನಲ್ಲಿ. ಅವಳು ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಬಳೆ ವಾಪಸ್ ಬರಲು ಎಷ್ಟು ತಿಂಗಳಾಯಿತು ಅಂತ ಬೇಕಾದರೆ ಅವಳನ್ನೇ ಕೇಳಿ.